ಇಬ್ಬರ ಅಡಿಗೆಗೊಂದು ಎರಕದ ಪಾತ್ರೆ

ಆಸ್ಟ್ರೇಲಿಯದ ಒಳನಾಡಿನಲ್ಲಿ ದನಗಳ ಹಿಂಡನ್ನು ನೂರಾರು ಮೈಲಿ ಅಟ್ಟಿಕೊಂಡು ಹೋಗುತ್ತಿದ್ದ ಪಶುಪಾಲಕರ ಬಿಡಾರಗಳಲ್ಲಿ ನೆಲೆಯೂರಿದ 'ಕ್ಯಾಂಪ್ ಓವನ್' ಎಂಬುದು, ಭಾರವಾದ ಮುಚ್ಚಳವೂ ತೂಗುಹಾಕಲು ತಂತಿಯ ಹಿಡಿಯೂ ಉಳ್ಳ, ಎರಕದ ಕಬ್ಬಿಣದ ದಪ್ಪ ಪಾತ್ರೆಯಲ್ಲದೆ ಬೇರೇನೂ ಅಲ್ಲ. ಹಿಂಡು ಜನಕ್ಕೆ ಉಣಬಡಿಸುವ ಹಿರಿಯ ಪಾತ್ರೆಗಳನ್ನು ಬಿಟ್ಟು, ಸುಮಾರು 8 ಅಂಗುಲ ಅಗಲದ ಕಿರಿಯದನ್ನು ಆರಿಸಿಕೊಂಡರೆ ದಂಪತಿಗಳಿಬ್ಬರಿಗೆ ಯಥೇಷ್ಟವಾಯಿತು.

ಇದರ ಮರ್ಮವೆಲ್ಲ ಕೆಂಡವನ್ನು ಹಂಚುವುದರಲ್ಲಿದೆ. ಎರಕದ ಕಬ್ಬಿಣವು ನಿಧಾನವಾಗಿ ಕಾದು, ಹೀರಿದ ಶಾಖವನ್ನು ಬಹಳ ಹೊತ್ತು ಹಿಡಿದಿಡುವ ಸ್ವಭಾವದ್ದಾದುದರಿಂದ, ಧಗಧಗಿಸುವ ಜ್ವಾಲೆಯ ಮೇಲಿಟ್ಟರೆ ತಳ ಸೀದು ಮೇಲ್ಭಾಗ ಹಸಿಯಾಗಿಯೇ ಉಳಿಯುವುದು. ಆದಕಾರಣ ರೊಟ್ಟಿ ಸುಡುವಾಗ ತಳಕ್ಕೆ ಒಂದು ಪಾಲು, ಮುಚ್ಚಳದ ಮೇಲೆ ಎರಡು ಪಾಲು ಕೆಂಡವನ್ನಿಡತಕ್ಕದ್ದು. ಮೈದಾಹಿಟ್ಟು, ಉಪ್ಪು, ನೀರು, ಬೇಕಿಂಗ್ ಪೌಡರುಗಳಿಂದ ಕಲಸಿದ 'ಡ್ಯಾಂಪರ್' ಎಂಬ ದಪ್ಪ ರೊಟ್ಟಿ ಹೀಗೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಹೊಂಬಣ್ಣಕ್ಕೆ ತಿರುಗುತ್ತದೆ. ಮಾಂಸ, ಆಲೂಗೆಡ್ಡೆ, ಈರುಳ್ಳಿಗಳ ಸಾರಿಗಾದರೋ ಕೆಳಗಿನ ಕೆಂಡವೇ ಪ್ರಧಾನ. ಚಿಕ್ಕ ಪಾತ್ರೆ ದೊಡ್ಡದಕ್ಕಿಂತ ಬೇಗ ಕಾಯುವುದರಿಂದ ಪದೇ ಪದೇ ಇಣುಕಿ ನೋಡಲೇಬೇಕು. ಆ ಕಾತರವೂ ವನಭೋಜನದ ಒಂದು ಸುಖವೇ.

ದೋಷವೊಂದುಂಟು: ಹೇರುಕುದುರೆಯ ಬೆನ್ನಿನಿಂದ ಬಿದ್ದರೆ ಇದು ಬಿರಿದುಹೋಗುವುದು. ಈ ಕಷ್ಟಕ್ಕೆ ಪರಿಹಾರವಾಗಿಯೇ ಕ್ವೀನ್ಸ್‌ಲ್ಯಾಂಡಿನ ಬೆಡೂರಿ ಪ್ರಾಂತದಲ್ಲಿ ಉಕ್ಕಿನ ತಗಡಿನ ಹಗುರವಾದ ಪಾತ್ರೆ ಬಳಕೆಗೆ ಬಂದಿತು. ಆದರೆ ಶಾಖದ ಸ್ಥೈರ್ಯದಲ್ಲಿ ತಗಡು ಎರಕಕ್ಕೆ ಸಾಟಿಯಲ್ಲ. ಕಾರಿನಲ್ಲಿ ಪಯಣಿಸುವ ಇಂದಿನ ಇಬ್ಬರು ಭಾರಕ್ಕೆ ಅಂಜಬೇಕಾದ್ದೂ ಇಲ್ಲ.