ದಾಖಲೆ ಪರಿಶೀಲನೆ: ಯಂತ್ರವೂ ವಿವೇಚನೆಯೂ

ಅಮೆರಿಕದ ನ್ಯಾಯಪದ್ಧತಿಯಲ್ಲಿ, ವಿವಾದಕ್ಕೆ ಸಂಬಂಧಿಸಿ ಎದುರುಪಕ್ಷವು ಕೇಳಿದ ದಾಖಲೆಗಳನ್ನು ವಿಚಾರಣೆಗೆ ಮುನ್ನವೇ ಒಪ್ಪಿಸಬೇಕು. ರಾಶಿಯಿಂದ ಅವನ್ನು ಆರಿಸಿ, ವಕೀಲ-ಕಕ್ಷಿಗಾರರ ಗೋಪ್ಯ ಪತ್ರಗಳನ್ನು ಬೇರ್ಪಡಿಸುವುದು ಹಿಂದೆ ಕಿರಿಯ ವಕೀಲರ ಕೆಲಸವಾಗಿತ್ತು. ಕಾಗದದ ಕಟ್ಟುಗಳು ಲಕ್ಷಾಂತರ ಮಿಂಚಂಚೆಗಳಾಗಿ ಬೆಳೆದಾಗ, ಮಿತವ್ಯಯಕ್ಕಾಗಿ ಈ ಕಾರ್ಯದ ಒಂದು ಭಾಗವು ಭಾರತಕ್ಕೆ ಬಂದಿತು. ಅಮೆರಿಕದ ವಕೀಲರ ಸಂಘವು 2008ರಲ್ಲಿ ಇಂಥ ಹೊರಗುತ್ತಿಗೆಗೆ ಸಮ್ಮತಿಸಿತಾದರೂ, ಹೊಣೆಯು ಅಲ್ಲಿನ ವಕೀಲನದೇ ಎಂದು ಸ್ಪಷ್ಟಪಡಿಸಿತು.

2012ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಆಂಡ್ರ್ಯೂ ಪೆಕ್ ಅವರು ಸುಮಾರು 30 ಲಕ್ಷ ದಾಖಲೆಗಳಿದ್ದ ಮೊಕದ್ದಮೆಯೊಂದರಲ್ಲಿ ಗಣಕಯಂತ್ರದ ವಿಂಗಡಣೆಯನ್ನು ಮಾನ್ಯಮಾಡಿದರು. ಅನುಭವಿ ವಕೀಲನು ಗುರುತಿಸಿಕೊಟ್ಟ ಮಾದರಿಗಳನ್ನನುಸರಿಸಿ ಯಂತ್ರವು ಉಳಿದವನ್ನು ಅಳೆಯುತ್ತದೆ. ಮಾದರಿ ತಪ್ಪಿದರೆ ಆ ತಪ್ಪು ಸಾವಿರಮಡಿಯಾಗುತ್ತದೆ. ಓದುವ ಕಣ್ಣುಗಳು ಕಡಿಮೆಯಾಗಬಹುದು, ವಿವೇಚನೆ ಕಡಿಮೆಯಾಗಲಾಗದು. ಆದರೆ ಕಿರಿಯ ವಕೀಲನಲ್ಲಿ ಆ ವಿವೇಚನೆಯನ್ನು ಬೆಳೆಸುತ್ತಿದ್ದುದು ಈ ಬೇಸರದ ಓದೇ. ಇನ್ನು ತಾಳ್ಮೆಯಿಂದ ಓದಿ ತೂಗುವ ಅಭ್ಯಾಸವನ್ನು ಶಾಲೆಯೇ ಕಲಿಸಬೇಕಾಗಿದೆ.