ಹಲಾಲ್ ಊಟ ಕೆಡುವುದಿಲ್ಲವೇ?

ಜೂರಾಲ ಡ್ಯಾಮಿಗೆ ಹೋದವರಿಗೆ ಅಲ್ಲಿನ ಕರಿದ ಮೀನಿನ ಅಂಗಡಿಗಳು ಗೊತ್ತೇ ಇರುತ್ತವೆ. ಕೃಷ್ಣೆಯ ಮೀನು ಮುಸ್ಲಿಮರಿಗೆ ಹಲಾಲ್. ಕೋಳಿ, ಕುರಿಯ ಹಾಗೆ ಅದನ್ನು ಜಬಹಾ ಮಾಡಬೇಕಿಲ್ಲ. ಆದರೆ ಅದೇ ಮೀನನ್ನು ಏಪ್ರಿಲ್ ಬಿಸಿಲಲ್ಲಿ ಐಸ್ ಇಲ್ಲದೆ ಐದಾರು ತಾಸು ಇಟ್ಟರೆ? ಅದು ಹರಾಮಿನ ಜಾತಿಗೇನೂ ಸೇರಲಿಲ್ಲ, ಆದರೂ ತಿಂದರೆ ಹೊಟ್ಟೆ ಕೆಡುತ್ತದೆ.

ಯಾವ ಪ್ರಾಣಿ, ಹೇಗೆ ಕೊಯ್ದರು, ರಕ್ತ ಹರಿದುಹೋಯಿತೇ ಎಂಬುವು ಹಲಾಲ್‌ನ ಪ್ರಶ್ನೆಗಳು. ಕುರಾನಿನಲ್ಲಿ ಆ ಪದದ ಜೊತೆಗೇ ‘ತಯ್ಯಿಬ್’ ಎಂಬ ಪದವೂ ಬರುತ್ತದೆ. ಒಳ್ಳೆಯದು, ಶುದ್ಧವಾದದ್ದು ಎಂದು ಅದರ ಅರ್ಥ. ಮಕ್ಕಳು ಅಲ್ಲೇ ಉಳಿದು ಓದುವ ಮದರಸಾದ ಅಡುಗೆಮನೆಗೆ ವಿಜ್ಞಾನ ನೆರವಾಗುವುದು ಈ ಎರಡನೆಯ ಪದದ ಕಡೆಯಿಂದ.

ಬೆಂದ ಅನ್ನದಲ್ಲಿ ಸೂಕ್ಷ್ಮಜೀವಿ ಎಲ್ಲಿ ಉಳಿಯುತ್ತೆ ಸರ್, ಅಂತ ನೀವು ಕೇಳಬಹುದು. ಉಳಿಯುತ್ತೆ! ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ನೀರನ್ನೂ ತಾಳಿಕೊಳ್ಳಬಲ್ಲವು. ಅನ್ನ ಆರಿ ಉಗುರುಬೆಚ್ಚಗಾದಾಗ ಅವು ಮೊಳೆತು ಹೆಚ್ಚುತ್ತವೆ. 20 ನಿಮಿಷಕ್ಕೊಮ್ಮೆ ಎರಡು ಪಟ್ಟಾದರೆ, ಒಂದೇ ಒಂದು ಬ್ಯಾಕ್ಟೀರಿಯಾ 4 ತಾಸಿನಲ್ಲಿ 4,096. 6 ತಾಸಿನಲ್ಲಿ 2,62,144. ಲೆಕ್ಕ ಮಾಡಿ ನೋಡಿ. ಅದು ಬಿಡುವ ವಾಂತಿಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಮದುವೆ ಮನೆಯಿಂದ ರಾತ್ರಿ ಬಂದ ಬಿರಿಯಾನಿಯನ್ನು ಬೆಳಿಗ್ಗೆ ಬಿಸಿ ಮಾಡಿ ಬಡಿಸುವುದು ಪ್ರೀತಿಯ ಕೆಲಸವೇ ಇರಬಹುದು, ಸುರಕ್ಷಿತವಲ್ಲ.

ಊಟ ಬಿಸಿಯಿದ್ದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು, ತಣ್ಣಗಿದ್ದರೆ 5 ಡಿಗ್ರಿಗಿಂತ ಕೆಳಗಿರಬೇಕು. ನಡುವಿನ ಉಷ್ಣತೆಯೇ ಅಪಾಯ.

ಬಕ್ರೀದ್ ದಿನ ಇದು ಇನ್ನೂ ಕಷ್ಟ. ಒಂದೇ ದಿನ ಹಸಿ ಮಾಂಸ ರಾಶಿ ಬರುತ್ತದೆ, ಫ್ರಿಜ್ ಇರುವುದು ಒಂದು. ಇಡೀ ಬುಟ್ಟಿಯನ್ನು ಒಳಗೆ ತುರುಕಿದರೆ ನಡುವಿನ ಮಾಂಸ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಚಿಕ್ಕ ಚಿಕ್ಕ ಪೊಟ್ಟಣ ಮಾಡಿ ಇಡಬೇಕು. ಹಿಡಿಸದಷ್ಟನ್ನು ಅಂದೇ ಹಂಚಿಬಿಡಬೇಕು. ಹಸಿ ಮಾಂಸ ಕೊಯ್ದ ಚಾಕುವಿನಿಂದ ಸೌತೆಕಾಯಿ ಹೆಚ್ಚಬಾರದು. ಕೋಳಿ ತುಂಡಿನ ಒಳಭಾಗ 75 ಡಿಗ್ರಿ ಮುಟ್ಟಿದರೆ ಸಾಲ್ಮೊನೆಲ್ಲಾ ಸಾಯುತ್ತದೆ.

ಇದು ಮದರಸಾದವರ ಸಮಸ್ಯೆ, ನಮಗೇನು ಅಂದ್ಕೋಬೇಡಿ. 2024ರ ನವೆಂಬರ್‌ನಲ್ಲಿ ಮಕ್ತಲ್ ಹತ್ತಿರದ ಮಾಗನೂರು ಜಿಲ್ಲಾ ಪರಿಷತ್ ಪ್ರೌಢಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳು ಒಂದು ವಾರದೊಳಗೆ ಎರಡು ಸಲ ಅಸ್ವಸ್ಥರಾದರು. ವಿಷಯ ಹೈಕೋರ್ಟಿನವರೆಗೂ ಹೋಯಿತು. 2006ರ ಆಹಾರ ಸುರಕ್ಷತೆ ಕಾಯ್ದೆಯೂ ಲಾಭಕ್ಕಾಗಿ ಮಾಡಿದ ಅಡುಗೆ, ಧರ್ಮಕ್ಕೆ ಮಾಡಿದ ಅಡುಗೆ ಎಂದು ಭೇದ ಮಾಡುವುದಿಲ್ಲ.

ಇನ್ನು ನಿಮಗೊಂದು ಕೆಲಸ. ಒಂದೇ ಅಳತೆಯ ಬಿಸಿನೀರನ್ನು ಒಂದು ಚೊಂಬಿಗೂ ಒಂದು ಅಗಲ ತಾಟಿಗೂ ಹಾಕಿ. ಹತ್ತು ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಿ, ಗ್ರಾಫ್ ಎಳೆಯಿರಿ. ಯಾವುದು ಬೇಗ ಆರಿತು, ಯಾಕೆ? ಉಳಿದ ಅನ್ನವನ್ನು ಹಂಡೆಯಲ್ಲೇ ಬಿಡಬೇಕೋ, ಅಗಲ ಪರಾತದಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ ಫ್ರಿಜ್‌ಗೆ ಇಡಬೇಕೋ, ನೀವೇ ಹೇಳುತ್ತೀರಿ. ಲ್ಯಾಬಿನ ಪಾದರಸದ ಥರ್ಮಾಮೀಟರನ್ನು ಮಾತ್ರ ಊಟದಲ್ಲಿ ಅದ್ದಬೇಡಿ. ಒಡೆದರೆ ಪಾದರಸ ತಟ್ಟೆಗೇ ಬರುತ್ತದೆ.