ವಾಕಿಂಗ್: ಮೂರನೇ ವಾರ ದಾಟುವುದು ಹೇಗೆ?



ನಮ್ಮ ಸಂಘದಲ್ಲಿ ಅರವತ್ತು ದಾಟಿದವರೇ ಹೆಚ್ಚು. ಬಿಪಿ, ಶುಗರ್ ಇಲ್ಲದ ಮನೆ ಕಡಿಮೆ. ಡಾಕ್ಟರು ವಾಕಿಂಗ್ ಮಾಡಿ ಎನ್ನುತ್ತಾರೆ, ಹೊಸ ಬೂಟು ಬರುತ್ತದೆ, ಹದಿನೈದು ದಿನ ಉತ್ಸಾಹ. ಮೂರನೇ ವಾರಕ್ಕೆ ಬೂಟು ಮಂಚದ ಕೆಳಗೆ! ಇದನ್ನು ಆರಂಭಶೂರತನ ಎಂದು ನಗುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ತೊಂದರೆ ಇರುವುದು ಮನಸ್ಸಿನಲ್ಲಲ್ಲ, ಮೊದಲ ದಿನದ ಲೆಕ್ಕದಲ್ಲಿ.

ಅಭ್ಯಾಸವಿಲ್ಲದವರು ಮೊದಲ ದಿನವೇ ಒಂದು ಗಂಟೆ ನಡೆದರೆ ಮರುದಿನ ಮೊಣಕಾಲು ಹಿಡಿದುಕೊಳ್ಳುತ್ತದೆ. ಮೊದಲ ವಾರ 10 ನಿಮಿಷ ಸಾಕು. ವಾರಕ್ಕೆ 5 ನಿಮಿಷ ಕೂಡಿಸುತ್ತ ಹೋದರೆ ಐದನೇ ವಾರಕ್ಕೆ 30 ನಿಮಿಷ. ವಾರದಲ್ಲಿ ಐದು ದಿನವೆಂದರೆ 150 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ಇಷ್ಟು ಬೇಕೆನ್ನುತ್ತದೆ. ಒಂದೇ ಸಲ ಆಗಬೇಕೆಂದೇನೂ ಇಲ್ಲ. ಬೆಳಗ್ಗೆ ಅಡುಗೆಮನೆ ಬಿಟ್ಟು ಬರಲಾಗದ ತಾಯಂದಿರು ಮೂರು ಹೊತ್ತಿನ ಊಟದ ನಂತರ ಹತ್ತು ಹತ್ತು ನಿಮಿಷ ನಡೆದರೂ ಅದೇ 30. ಊಟದ ಮೇಲಿನ ನಡಿಗೆ ಶುಗರ್ ಏರುವುದನ್ನೂ ತಗ್ಗಿಸುತ್ತದೆ. ಮೊಬೈಲ್ ಕೇಳುವ ಹತ್ತು ಸಾವಿರ ಹೆಜ್ಜೆಗೆ ಹೆದರಬೇಡಿ. ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ, ಆಸ್ಪತ್ರೆಯಿಂದಲ್ಲ.

ವೇಗ ಎಷ್ಟಿರಬೇಕು? ಪಕ್ಕದವರೊಡನೆ ಮಾತನಾಡಲು ಆಗಬೇಕು, ಹಾಡು ಹೇಳಲು ಆಗಬಾರದು. (ದಾರಿಯಲ್ಲಿ ನಿಂತು ಊರ ಸುದ್ದಿ ಆಡಿದ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.) ಕೈಗಡಿಯಾರ ತೋರಿಸುವ ನಾಡಿಬಡಿತಕ್ಕಿಂತ ಈ ಪರೀಕ್ಷೆ ಮೇಲು. ಬಿಪಿಗೆ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಎಷ್ಟು ಬೇಗ ನಡೆದರೂ ಬಡಿತ ಅಷ್ಟಾಗಿ ಏರುವುದಿಲ್ಲ.

ಇನ್ನು ಹವಾಮಾನ. ನಡಿಗೆ ನಿಲ್ಲುವುದು ಹೆಚ್ಚಾಗಿ ಇಲ್ಲೇ. ಕಾಸರಗೋಡಿನಲ್ಲಿ ಜೂನ್ ಬಂತೆಂದರೆ ಮಳೆ, ಅಂಗಳದಲ್ಲಿ ಪಾಚಿ. ಸೊಲ್ಲಾಪುರ, ಅಕ್ಕಲಕೋಟೆಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ನೀಲಗಿರಿಯವರಿಗೆ ಮನೆ ಬಾಗಿಲಲ್ಲೇ ಏರು. ಅಲ್ಲಿ ವೇಗ ಇಳಿಸಿದರೂ ಎದೆಗೆ ಕೆಲಸ ಸಿಗುತ್ತದೆ. ಹೊರಗೆ ಹೋಗಲಾಗದ ದಿನಕ್ಕೆ ಮನೆಯೊಳಗೊಂದು ದಾರಿ ಮೊದಲೇ ಗೊತ್ತುಮಾಡಿಕೊಳ್ಳಿ. ಜಗಲಿಯ ಉದ್ದಕ್ಕೂ ಓಡಾಡಬಹುದು, ನಿಂತಲ್ಲೇ ಕಾಲೆತ್ತಿ ಹೆಜ್ಜೆ ಹಾಕಬಹುದು.

ಗೋಡೆಯ ಕ್ಯಾಲೆಂಡರಿನಲ್ಲಿ ನಡೆದ ದಿನಕ್ಕೊಂದು ಗುರುತು ಹಾಕಿ. ಗುಮಾಸ್ತರಾಗಿದ್ದವರಿಗೆ ಹಾಜರಿ ಪುಸ್ತಕದ ಮೇಲೆ ನಂಬಿಕೆ ಜಾಸ್ತಿ, ಕ್ಷಮಿಸಿ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ನಡೆದು ಬಾಕಿ ತೀರಿಸಲು ಹೋಗಬೇಡಿ, ಮಾಮೂಲಿನಷ್ಟೇ ನಡೆಯಿರಿ.

ಹೃದಯದ ಕಾಯಿಲೆ ಇರುವವರು ಶುರು ಮಾಡುವ ಮುಂಚೆ ಡಾಕ್ಟರನ್ನು ಕೇಳಲೇಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಬರೀ ಹೊಟ್ಟೆಯಲ್ಲಿ ಹೊರಡಬೇಡಿ, ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಲಿ. ನಡೆಯುವಾಗ ಎದೆ ಹಿಡಿದಂತಾದರೆ, ನೋವು ಎಡಗೈಗೋ ದವಡೆಗೋ ಹರಿದರೆ, ಗ್ಯಾಸ್ ಇರಬಹುದೆಂದು ಮನೆಗೆ ಬಂದು ಮಲಗಬೇಡಿ. ನಿಂತಲ್ಲೇ ಕುಳಿತು ಯಾರನ್ನಾದರೂ ಕರೆದು ನೇರವಾಗಿ ಆಸ್ಪತ್ರೆಗೆ ಹೋಗಿ.